ಒಂದು ಹೆಚ್ಚಿಗೆ ಇರಲಿ

ಕಾಫಿ ಸೀಮೆಯಲ್ಲಿ ಯಾರೂ ಯಾರಿಗೂ ಉಡುಗೊರೆ ಕೊಡುವುದಿಲ್ಲ. ‘ಬಿದ್ದು ಹಾಳಾಗ್ತಿತ್ತು’ ಎಂದು ಹಲಸಿನಹಣ್ಣು ಕೊಡುತ್ತಾರೆ, ‘ಮನೇಲಿ ಯಾರೂ ತಿನ್ನೋರಿಲ್ಲ’ ಎಂದು ಜೇನುತುಪ್ಪ ಕೊಡುತ್ತಾರೆ. ಪಡೆದವರು ‘ಇದೆಲ್ಲ ಎಂತಕ್ಕೆ’ ಎಂದು ಗೊಣಗುತ್ತಲೇ ಒಳಗೆ ಸಾಗಿಸಬೇಕು. ಬಾಯಿತುಂಬ ಧನ್ಯವಾದ ಹೇಳಿದಿರೋ, ಇವರಿಗೆ ಇನ್ನೇನೋ ಕೆಲಸ ಆಗಬೇಕಿದೆ ಎಂದು ಅನುಮಾನ ಪಡುತ್ತಾರೆ.

ಬಯಲುಸೀಮೆಯಿಂದ ಬಂದು ಬಾಬಾಬುಡನ್‌ಗಿರಿಯ ತಪ್ಪಲಲ್ಲಿ ಮನೆ ಹಿಡಿದ ನನಗೆ ಈ ಪಾಠ ಹೇಳಿದವರು ಪಕ್ಕದ ತೋಟದ ಲೆಕ್ಕ ಬರೆಯುವ ರೈಟರು. ನಮ್ಮ ಪರಿಚಯ ಶುರುವಾದದ್ದೇ ಜಗಳದಿಂದ. ಅವರ ಹಸು ನನ್ನ ಬಸಳೆ ಚಪ್ಪರವನ್ನು ಬುಡಸಮೇತ ಮೇಯ್ದಿತ್ತು. ‘ಬೇಲಿ ಇಲ್ಲದೆ ಬಸಳೆ ಹಾಕಿದ್ರೆ ಹಸು ಎಂತ ಮಾಡ್ತದೆ ಮಾರಾಯ್ರೆ?’ ಎಂದು ಹೋದವರು, ಮರುದಿನ ಏಳು ಕಾಫಿ ಸಸಿ ತಂದಿಟ್ಟರು. ‘ನರ್ಸರೀಲಿ ಉಳಿದಿದ್ವು.’

ಸಸಿಗಳ ಹೆಸರು 795. ಬಾಳೆಹೊನ್ನೂರಿನಲ್ಲಿ 1925ರಿಂದ ಇರುವ ಕಾಫಿ ಸಂಶೋಧನಾ ಕೇಂದ್ರ, ಕೆಂಟ್ಸ್ ಮತ್ತು ಎಸ್.288 ತಳಿಗಳನ್ನು ಸಂಕರ ಮಾಡಿ ಹುಟ್ಟಿಸಿದ ಅರೇಬಿಕಾ. ನಾಮಕರಣದ ಹೊತ್ತಿಗೆ ಪುರೋಹಿತರ ಬದಲು ಗುಮಾಸ್ತರು ಬಂದಿದ್ದರೆಂದು ಕಾಣುತ್ತದೆ.

‘ಏಳೇ ಯಾಕೆ ರೈಟರೇ?’ ಎಂದೆ. ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಯೆಮನ್ನಿನ ಮೋಕಾದಿಂದ ಏಳು ಬೀಜ ತಂದು ಈ ಬೆಟ್ಟದಲ್ಲಿ ಬಿತ್ತಿದರೆಂಬ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ಅದರ ನೆನಪಿಗಿರಬೇಕು ಎಂದುಕೊಂಡಿದ್ದೆ.

‘ಆರು ಸಾಕಿತ್ತು. ಒಂದು ಹೇಗೂ ಸಾಯ್ತದೆ.’

ಬಾಬಾ ಅವರ ಲೆಕ್ಕವೂ ಇದೇ ಇದ್ದಿರಬಹುದು.

ಅರೇಬಿಕಾ ಫಸಲಿಗೆ ಮೂರ್ನಾಲ್ಕು ವರ್ಷ ಬೇಕು. ಅಷ್ಟೂ ಕಾಲ, ಬಂದು ನೋಡಿ ಬೈಯುವ ಹಕ್ಕು ಸಸಿ ಕೊಟ್ಟವರದು. ಬಿಸಿಲು ಬಿದ್ದ ಕಾಂಡಕ್ಕೆ ಬೋರರ್ ಹುಳ ಬೇಗ ಹಿಡಿಯುತ್ತದೆಂದು ನೆರಳಿಗೆ ಹಾಲುವಾಣದ ಗೂಟ ನೆಟ್ಟವರೂ ಅವರೇ, ನೆರಳು ಜಾಸ್ತಿಯಾದಾಗ ಮರಗಸಿ ಮಾಡಿಲ್ಲವೆಂದು ರೇಗಿದವರೂ ಅವರೇ. ಬಂದಾಗಲೆಲ್ಲ ಕುಕ್ಕರುಗಾಲಲ್ಲಿ ಕೂತು, ಕಾಂಡದ ಮೇಲೆ ಹೆಬ್ಬೆರಳು ಸವರಿ, ತೊಗಟೆ ಉಬ್ಬಿದೆಯೇ ಎಂದು ಹುಡುಕುತ್ತಿದ್ದರು. ಗಿಡಗಳ ತಪಾಸಣೆ ಮುಗಿದ ಮೇಲೆ ನನ್ನದು: ‘ಎಂತ, ಮುಖ ಸಣ್ಣಗಾಗಿದೆ?’ ಹೀಗೆ ಕೇಳುವವರು ನನ್ನ ನೆಂಟರಲ್ಲೂ ಕಡಿಮೆ.

ಋಣ ತೀರಿಸೋಣವೆಂದು ಒಂದು ಡಬ್ಬಿ ಮೈಸೂರುಪಾಕು ಕೊಟ್ಟೆ. ‘ಸಕ್ಕರೆ ಕಾಯಿಲೆಯವನಿಗೆ ಇದೆಲ್ಲ ಎಂತಕ್ಕೆ’ ಎನ್ನುತ್ತಲೇ ಎರಡು ತುಂಡು ಮುಗಿಸಿದರು. ಡಬ್ಬಿ ಕಾಳುಮೆಣಸು ತುಂಬಿಕೊಂಡು ವಾಪಸು ಬಂತು. ಸಾಲ ಮೊದಲಿಗಿಂತ ಹೆಚ್ಚಾಯಿತು. ಇಂಥ ಸಾಲ ತೀರದಿರುವುದೇ ವಾಸಿ. ತೀರಿಬಿಟ್ಟರೆ ಬೇಲಿ ದಾಟಿ ಬರಲು ಯಾರಿಗೆ ಏನು ನೆಪ?

ನಡುವೆ ಒಂದು ಗಿಡ ಹೋಯಿತು, ಅದೇ ಹಸುವಿನ ಕಾಲಡಿಗೆ ಸಿಕ್ಕಿ. ರೈಟರ ಲೆಕ್ಕ ಅಷ್ಟು ಕರಾರುವಾಕ್ಕು.

ಉಳಿದ ಆರೂ ಒಂದು ಬೇಸಿಗೆಯ ಹೂಮಳೆಗೆ ಅರಳಿ, ಡಿಸೆಂಬರಿನಲ್ಲಿ ಕೆಂಪಗೆ ಹಣ್ಣಾದವು. ಹಣ್ಣನ್ನು ಅದುಮಿದರೆ ಸಿಹಿ ಲೋಳೆಯೊಡನೆ ಬೀಜ ಎರಡೆರಡಾಗಿ ಬೆರಳ ಸಂದಿಯಿಂದ ಜಾರುತ್ತವೆ. ರಾತ್ರಿಯಿಡೀ ಹುಳಿಯಲು ಬಿಟ್ಟು, ತೊಳೆದು, ಒಣಗಿಸಿ, ಒರಳಲ್ಲಿ ಕುಟ್ಟಿ ಸಿಪ್ಪೆ ಬಿಡಿಸಿ, ಬಾಣಲೆಯಲ್ಲಿ ಹುರಿದು ಪುಡಿ ಮಾಡಿ, ಮೊದಲ ಲೋಟ ರೈಟರ ಕೈಗಿಟ್ಟೆ. ಮೋಕಾ, ಬಾಳೆಹೊನ್ನೂರು, ನನ್ನ ಬಸಳೆ, ಎಲ್ಲರ ಪುಣ್ಯವೂ ಕೂಡಿ ಆದ ಕಾಫಿ. ರೈಟರು ಕಣ್ಣು ಮುಚ್ಚಿ ನಿಧಾನಕ್ಕೆ ಹೀರಿದರು.

‘ಅಡ್ಡಿಯಿಲ್ಲ. ಸ್ವಲ್ಪ ಚಿಕೋರಿ ಬಿದ್ದಿದ್ರೆ ಕಾಫಿ ಥರ ಇರ್ತಿತ್ತು.’