ಮೀಟು ಮೀಮಾಂಸೆ: ಉಮರ್ಗಾ–ನಿಲಂಗಾ–ಉದಗೀರ ಪರಿಪ್ರೇಕ್ಷ್ಯದಲ್ಲಿ ಯುಕುಲೇಲೆ ತಂತಿಘಾತದ ಬಹುಶಿಸ್ತೀಯ ಸಂಕಥನ

1.0 ಪ್ರವೇಶಿಕೆ

ಯುಕುಲೇಲೆ ಎಂಬ ನಾಲ್ಕು ತಂತಿಯ ಪುಟ್ಟ ವಾದ್ಯವನ್ನು ಎದೆಗೆ ಅವಚಿಕೊಂಡು ಬಲಗೈ ತೋರುಬೆರಳಿನಿಂದ ಕೆಳಗೂ ಮೇಲಕ್ಕೂ ಮೀಟುವುದು ಮೇಲ್ನೋಟಕ್ಕೆ ಸರಳ ಕ್ರಿಯೆ. ಸರಳವಾದದ್ದನ್ನು ಸರಳವಾಗಿಯೇ ಉಳಿಯಗೊಟ್ಟರೆ ಇಷ್ಟೊಂದು ವಿಶ್ವವಿದ್ಯಾಲಯಗಳು ಏತಕ್ಕೆ? ಆದ್ದರಿಂದ ಪ್ರಸ್ತುತ ಅಧ್ಯಯನವು ಸದರಿ ಮೀಟುವಿಕೆಯನ್ನು ‘ತಂತಿಘಾತ’ ಎಂದು ಪರಿಭಾವಿಸಿ, ಅದರ ವಸಾಹತೋತ್ತರ, ಗಡಿಕೇಂದ್ರಿತ ಹಾಗೂ ದೇಹಮೀಮಾಂಸೀಯ ನೆಲೆಗಳೊಂದಿಗೆ ಮುಖಾಮುಖಿಯಾಗುತ್ತ, ಬೆರಳು ಮತ್ತು ತಂತಿಯ ನಡುವಿನ ಯಜಮಾನಿಕೆಯ ವಿನ್ಯಾಸಗಳನ್ನು ಮುರಿದು ಕಟ್ಟುವ ಹವಣಿಕೆಯಲ್ಲಿದೆ. ಈ ವಾಕ್ಯ ಅರ್ಥವಾಗದವರು ಚಿಂತಿಸಬೇಕಿಲ್ಲ. ಮೌಲ್ಯಮಾಪಕರೂ ಇದನ್ನು ಓದುವುದಿಲ್ಲ.

1.1 ವ್ಯಾಪ್ತಿ ಮತ್ತು ಮಿತಿ

ಅಧ್ಯಯನದ ವ್ಯಾಪ್ತಿ ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಯ ಉಮರ್ಗಾ, ಲಾತೂರ ಜಿಲ್ಲೆಯ ನಿಲಂಗಾ ಮತ್ತು ಉದಗೀರ. ಈ ಮೂರು ತಾಲೂಕುಗಳಲ್ಲಿ ಯುಕುಲೇಲೆ ನುಡಿಸುವವರು ಎಷ್ಟು ಮಂದಿ ಎಂದು ಯಾರಾದರೂ ಕೇಳಬಹುದು. ಸಂಶೋಧಕನಿಗೆ ಸಿಕ್ಕಿದ್ದು ಒಬ್ಬ. ಅವನೂ ಪುಣೆಯಲ್ಲಿ ಕಂಪ್ಯೂಟರ್ ಕೆಲಸದವನು, ಶ್ರಾವಣಕ್ಕೆಂದು ಅಜ್ಜನ ಊರಿಗೆ ಬಂದಿದ್ದ. ಆದರೆ ಮಾದರಿ ಎಷ್ಟು ಚಿಕ್ಕದೋ ತೀರ್ಮಾನ ಅಷ್ಟು ದೊಡ್ಡದಾಗುತ್ತದೆಂಬುದು ನಮ್ಮ ಶಿಸ್ತಿನ ಬಹುಕಾಲದ ಅನುಭವ. ಒಬ್ಬನೇ ಸಿಕ್ಕಿರುವುದರಿಂದ ಇಡೀ ಮರಾಠವಾಡದ ಬಗ್ಗೆ ಧೈರ್ಯವಾಗಿ ಮಾತಾಡಬಹುದಾಗಿದೆ.

1.2 ಚಾರಿತ್ರಿಕ ಹಿನ್ನೆಲೆ

ಕನ್ನಡದ ಯಾವ ಪ್ರಬಂಧವೂ ಕವಿರಾಜಮಾರ್ಗಕ್ಕೆ ಸುಂಕ ಕಟ್ಟದೆ ಮುಂದಕ್ಕೆ ಹೋಗುವಂತಿಲ್ಲ. ಒಂಬತ್ತನೆಯ ಶತಮಾನದ ಆ ಗ್ರಂಥ ಕನ್ನಡ ನಾಡಿನ ಬಡಗಣ ಎಲ್ಲೆಯನ್ನು ಗೋದಾವರಿಯವರೆಗೆ ಹೇಳಿದೆ. ನಮ್ಮ ಮೂರೂ ತಾಲೂಕುಗಳು ಗೋದಾವರಿಯ ತೆಂಕಣಕ್ಕಿವೆ. ರಾಷ್ಟ್ರಕೂಟರು ತಮ್ಮನ್ನು ಲಟ್ಟಲೂರಿನ ಒಡೆಯರೆಂದು ಕರೆದುಕೊಂಡರು. ಆ ಲಟ್ಟಲೂರನ್ನು ಇಂದಿನ ಲಾತೂರೆಂದು ಗುರುತಿಸುತ್ತಾರೆ. ಆ ವಂಶದ ಅಮೋಘವರ್ಷನ ಆಸ್ಥಾನದಲ್ಲಿ ಯುಕುಲೇಲೆ ಇರಲಿಲ್ಲ ಎಂಬುದಕ್ಕೆ ಆಧಾರಗಳಿಲ್ಲ. ಇತ್ತು ಎಂಬುದಕ್ಕೂ ಇಲ್ಲ. ಎರಡೂ ಕಡೆ ಆಧಾರವಿಲ್ಲದ ಇಂಥ ಫಲವತ್ತಾದ ಜಾಗದಲ್ಲಿಯೇ ನಮ್ಮ ಹೆಚ್ಚಿನ ಡಾಕ್ಟರೇಟುಗಳು ಬೆಳೆಯುವುದು.

ಆಧಾರ ಇರುವ ಚರಿತ್ರೆ ಬೇರೆ. 1879ರ ಆಗಸ್ಟ್ 23ರಂದು ‘ರೇವನ್ಸ್‌ಕ್ರಾಗ್’ ಎಂಬ ಹಡಗು ಪೋರ್ಚುಗಲ್ಲಿನ ಮದೀರಾ ದ್ವೀಪದಿಂದ ಕೂಲಿಗಳನ್ನು ತುಂಬಿಕೊಂಡು ಹವಾಯಿಯ ಹೊನೊಲುಲು ಬಂದರಿಗೆ ಬಂತು. ಕಬ್ಬಿನ ತೋಟದ ದುಡಿಮೆಗೆ ಕರಾರು ಮಾಡಿಕೊಂಡು ಬಂದವರು. ಅವರೊಂದಿಗೆ ‘ಮಚೇಟೆ’ ಎಂಬ ಸಣ್ಣ ತಂತಿವಾದ್ಯವೂ ಬಂತು. ಅದೇ ಹಡಗಿನಲ್ಲಿದ್ದ ಮಾನುಯೆಲ್ ನುನೆಸ್, ಅಗಸ್ಟೊ ಡಿಯಾಸ್, ಜೋಸೆ ದೊ ಎಸ್ಪಿರಿಟೊ ಸಾಂಟೊ ಎಂಬ ಬಡಗಿಗಳು ಹೊನೊಲುಲುವಿನಲ್ಲಿ ಅಂಗಡಿ ಹಾಕಿ, ಅಲ್ಲಿನ ಮರದಲ್ಲಿ ಮಾಡಿ ಮಾರಿದ್ದೇ ಯುಕುಲೇಲೆ. ಹವಾಯಿಯ ದೊರೆ ಕಲಾಕೌವ ಅದನ್ನು ಅರಮನೆಗೆ ಕರೆಸಿಕೊಂಡ. 1915ರ ಸ್ಯಾನ್ ಫ್ರಾನ್ಸಿಸ್ಕೊ ಪ್ರದರ್ಶನದ ನಂತರ ಅಮೆರಿಕಕ್ಕೆ ಅದರ ಹುಚ್ಚು ಹಿಡಿಯಿತು. ಕಬ್ಬು ಕಡಿಯಲು ಹೋದವರ ವಾದ್ಯ ಎಂಬ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕಾಗಿ ವಿನಂತಿ. ಪ್ರಬಂಧಕ್ಕೆ ಅದು ಬೇಕಾಗಿಲ್ಲ, ನನಗೆ ಬೇಕು.

2.0 ತಂತಿಘಾತದ ಅಷ್ಟಾದಶ ವರ್ಗೀಕರಣ

ತಂತಿಘಾತವನ್ನು ಹದಿನೆಂಟು ಬಗೆಯಾಗಿ ವಿಂಗಡಿಸಲಾಗಿದೆ.

2.1 ಅವರೋಹಿ ನಖಘಾತ: ತೋರುಬೆರಳ ಉಗುರಿನಿಂದ ಮೇಲಿನಿಂದ ಕೆಳಕ್ಕೆ. ಮೊಣಕೈಯಿಂದಲ್ಲ, ಮಣಿಕಟ್ಟಿನಿಂದ. ಮೊಣಕೈಯಿಂದ ಹೊಡೆದರೆ ತಂತಿ ಕಿರುಚುತ್ತದೆ, ಭುಜ ನೋಯುತ್ತದೆ. ಮಣಿಕಟ್ಟನ್ನು ಸಡಿಲ ಬಿಟ್ಟು, ಬೆರಳಿಗೆ ಹತ್ತಿದ ನೀರನ್ನು ಕೊಡವುವಂತೆ ತಿರುಗಿಸಬೇಕು.

2.2 ಆರೋಹಿ ಮಾಂಸಘಾತ: ಅದೇ ಬೆರಳಿನ ಮೆತ್ತೆಯಿಂದ ಕೆಳಗಿಂದ ಮೇಲಕ್ಕೆ. ಇಲ್ಲಿ ನಾಲ್ಕೂ ತಂತಿ ಮುಟ್ಟಬೇಕೆಂಬ ಹಟ ಬೇಡ, ಎರಡು ಮೂರು ಸಾಕು.

2.3 ಸ್ಥಾನಘಾತ: ನಡುವಿನ ಗುಂಡುತೂತಿನ ಮೇಲೆ ಹೊಡೆಯುವುದು ಹೊಸಬರ ಚಟ. ಕುತ್ತಿಗೆ ಒಡಲನ್ನು ಕೂಡುವ ಕಡೆ ಮೀಟಿದರೆ ನಾದ ದುಂಡಗೆ ಬರುತ್ತದೆ, ಕುದುರೆಯ ಹತ್ತಿರ ಹೋದಷ್ಟೂ ತಗಡಿನ ದನಿ.

2.4 ಶೂನ್ಯಘಾತ: ಇದು ಎಲ್ಲಕ್ಕಿಂತ ಮುಖ್ಯ, ಕೆಳಗೆ ಬರುತ್ತದೆ.

2.5ರಿಂದ 2.18ರವರೆಗಿನವನ್ನು ಕೈಬಿಡಲಾಗಿದೆ. ಹದಿನೆಂಟು ಎಂದು ಮೊದಲೇ ಸಾರಿದ್ದು ಮಹಾಭಾರತದ ಪರ್ವಗಳಿಗೆ ಸರಿಹೊಂದಲೆಂದು. ನಿಜಕ್ಕೂ ಇರುವುದು ನಾಲ್ಕೇ. ಹದಿನಾಲ್ಕನ್ನು ಹುಟ್ಟಿಸಲು ಸಂಶೋಧಕ ಕುಳಿತದ್ದು ಹೌದು, ಬೇಸರ ಬಂತು.

3.0 ತೌಲನಿಕ ಅಧ್ಯಾಯ

ಈ ಸೀಮೆಯಲ್ಲಿ ಪರದೇಶದ ತಂತಿವಾದ್ಯ ಬಂದು ನೆಲೆಗೊಂಡಿದ್ದು ಇದೇ ಮೊದಲಲ್ಲ. ಲಾತೂರು, ಉದಗೀರಿನ ಮದುವೆ ಮೆರವಣಿಗೆಯ ಮುಂದೆ ಟ್ರಾಲಿಯ ಮೇಲೆ ಧ್ವನಿವರ್ಧಕ ಕಟ್ಟಿಕೊಂಡು ಹೋಗುವ ‘ಬ್ಯಾಂಜೋ ಪಾರ್ಟಿ’ಯನ್ನು ಯಾರು ಕೇಳಿಲ್ಲ? ಅದು ಅಮೆರಿಕದ ಬ್ಯಾಂಜೋ ಅಲ್ಲ. 1912ರಲ್ಲಿ ಜಪಾನಿನ ನಗೋಯಾದಲ್ಲಿ ಮೊರಿತಾ ಗೋರೊ ಮಾಡಿದ ‘ತೈಶೊಗೊತೊ’ ಎಂಬ ಗುಂಡಿ ಒತ್ತುವ ತಂತಿವಾದ್ಯ ಭಾರತಕ್ಕೆ ಬಂದು ಬುಲ್‌ಬುಲ್‌ತರಂಗ್ ಆಯಿತು, ಮಹಾರಾಷ್ಟ್ರದ ಓಣಿಗಳಲ್ಲಿ ಬ್ಯಾಂಜೋ ಎನಿಸಿಕೊಂಡಿತು. ಎಡಗೈ ಟೈಪಿಸ್ಟನದು, ಬಲಗೈ ಮೀಟುವವನದು. ಆ ಹುಡುಗರ ಬಲಗೈ ನೋಡಬೇಕು! ವರನ ಗೆಳೆಯರು ಕುಣಿದು ಸೋಲುವವರೆಗೆ ಅದಕ್ಕೆ ದಣಿವಿಲ್ಲ. ಲಾತೂರಿನ ದೇಶಮುಖ ಮನೆತನದ ರಿತೇಶ್ ದೇಶಮುಖ್ 2016ರಲ್ಲಿ ‘ಬ್ಯಾಂಜೋ’ ಎಂಬ ಹಿಂದಿ ಚಿತ್ರದಲ್ಲಿ ಅಂಥದೇ ವಾದಕನ ವೇಷ ಹಾಕಿದರು. ಸಿನೆಮಾದವರಿಗೆ ಕಂಡದ್ದು ವಿಚಾರ ಸಂಕಿರಣದವರಿಗೆ ಕಂಡಿಲ್ಲ. ಬ್ಯಾಂಜೋ ‘ಅಸಲಿ ಜಾನಪದ’ ಅಲ್ಲವಂತೆ. ಮೈಕಿಗೆ ಕಟ್ಟಿದ್ದು ಜಾನಪದವಾಗದಿದ್ದರೆ ವಿಚಾರ ಸಂಕಿರಣವೂ ಆಗಬಾರದು.

ಇನ್ನೊಂದು ಕಡೆ ತುಳಜಾಪುರದ ಅಂಬಾಭವಾನಿಯ ಗೊಂದಲಿಗರ ತುಂತುಣಿ. ಟೊಳ್ಳು ಮರದ ಡಬ್ಬಿ, ಅಡಿಗೆ ತೊಗಲು, ಪಕ್ಕದಲ್ಲೊಂದು ಕೋಲು, ತೊಗಲಿನ ನಡುವಿನಿಂದ ಬಿರಡೆಗೆ ಬಿಗಿದ ಒಂದೇ ತಂತಿ. ಮತ್ತೊಂದು ಕಡೆ ತತ್ವಪದದವರ ಏಕತಾರಿ. ಕಡಕೋಳ ಮಡಿವಾಳಪ್ಪನ ಶಿಷ್ಯಪರಂಪರೆಯ, ಹುಮನಾಬಾದಿನ ಹತ್ತಿರದ ಮಾಣಿಕನಗರದ ಮಾಣಿಕಪ್ರಭುಗಳ ಪದಗಳು ಗಡಿ ಕೇಳಿ ಹಾಡಿಸಿಕೊಂಡವಲ್ಲ. ಪ್ರಭುಗಳು ಮರಾಠಿ, ಕನ್ನಡ, ಹಿಂದಿ ಎನ್ನದೆ ಬರೆದರು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು, 1982ರಲ್ಲಿ ಲಾತೂರ ಜಿಲ್ಲೆಯಾಯಿತು. ಸಾಲಿ, ಹೊಲದ ಸಾತಬಾರಾ ಪಹಣಿ, ಎಸ್‌ಟಿ ಬಸ್ಸಿನ ಬೋರ್ಡು ಎಲ್ಲ ಮರಾಠಿಯಾದವು. ಆಗಲಿ, ಅದು ಆ ರಾಜ್ಯದ ಭಾಷೆ. ಸೋಮವಾರದ ಭಜನೆಯಲ್ಲಿ ಮಾತ್ರ ಒಂದು ಅಭಂಗ, ಒಂದು ತತ್ವಪದ ಎಂದು ಸರದಿ ನಡೆಯಿತು. ಇದಕ್ಕೆ ‘ಬಹುಸಂಸ್ಕೃತೀಯ ಸಹಬಾಳ್ವೆಯ ಸಂಕರ ವಲಯ’ ಎಂದು ಹೆಸರಿಟ್ಟವರಿದ್ದಾರೆ. ಹಾಡುವವರು ಇದನ್ನು ಸೋಮವಾರ ಎನ್ನುತ್ತಾರೆ.

4.0 ಕ್ಷೇತ್ರಕಾರ್ಯ: ಮಾಹಿತಿದಾರ ಸಂಖ್ಯೆ 1 ಮತ್ತು 2

ಮಾಹಿತಿದಾರ ಸಂಖ್ಯೆ 2, ಅಂದರೆ ಪುಣೆಯ ಮೊಮ್ಮಗ, ಅಜ್ಜನ ಮನೆಯ ಪಡಸಾಲೆಯಲ್ಲಿ ಕೂತು ಮೊಬೈಲಿನ ಪಾಠ ನೋಡಿಕೊಂಡು ಮೀಟುತ್ತಿದ್ದ. ಕೆಳಗೆ, ಕೆಳಗೆ–ಮೇಲೆ, ಮೇಲೆ–ಕೆಳಗೆ–ಮೇಲೆ. ಈ ನಡೆಯನ್ನು ಕಲಿಯದ ಯುಕುಲೇಲೆಗಾರನಿಲ್ಲ. ಹುಡುಗ ಎರಡು ಸಲ ಸರಿ ಹೋಗುತ್ತಿದ್ದ, ಮೂರನೆಯ ಸಲ ಎಡಗೈ ಸ್ವರಗುಚ್ಛ ಬದಲಿಸುವಾಗ ಬಲಗೈ ನಿಂತೇ ಹೋಗುತ್ತಿತ್ತು. ಮಾಹಿತಿದಾರ ಸಂಖ್ಯೆ 1, ಅಂದರೆ ಅಜ್ಜ, ಊರಿನ ಭಜನಾ ಮೇಳದ ಏಕತಾರಿಯವರು, ಬಾಗಿಲಿಗೆ ಒರಗಿ ಕೇಳುತ್ತಿದ್ದವರು ವಾದ್ಯ ಇಸಿದುಕೊಂಡು ಒಂದೊಂದೇ ತಂತಿ ತಟ್ಟಿ ನೋಡಿದರು.

“ಈ ಮ್ಯಾಲಿನ ತಂತಿ ದಪ್ಪ ಇರಬೇಕಿತ್ತಲೋ, ತೆಳ್ಳಗ ಅದ. ಹಾಕಿದವ್ರು ತಪ್ಪು ಹಾಕ್ಯಾರ ನೋಡು.”

“ಇಲ್ಲ ಮುತ್ಯಾ, ಇದು ಹಿಂಗೇ ಇರ್ತದ.”

ಯುಕುಲೇಲೆಯ ರಹಸ್ಯವೇ ಅದು. ಗಿಟಾರಿನಲ್ಲಿ ಮೇಲಿನ ತಂತಿ ಎಲ್ಲಕ್ಕಿಂತ ಮಂದ್ರ. ಇಲ್ಲಿ ಮೇಲಿನ ‘ಜಿ’ ತಂತಿ ತಾರದಲ್ಲಿದೆ, ಮಂದ್ರದ್ದು ಎರಡನೆಯದಾದ ‘ಸಿ’. ಆದ್ದರಿಂದ ಕೆಳಗೆ ಮೀಟಿದರೂ ತೆಳು ದನಿಯಿಂದಲೇ ಶುರು, ಮೇಲೆ ಮೀಟಿದರೂ ತೆಳು ದನಿಯಿಂದಲೇ ಶುರು, ಎರಡಕ್ಕೂ ಹೆಚ್ಚು ಭೇದವಿಲ್ಲ. ಮುದುಕ ಇದನ್ನು ಯಾವ ಪುಸ್ತಕದಲ್ಲೂ ಓದಿದವರಲ್ಲ, ಎರಡು ಸಲ ತಟ್ಟಿ ಹಿಡಿದರು. ಆಮೇಲೆ ಹುಡುಗನ ಬಲಗೈಯ ಮಣಿಕಟ್ಟು ಹಿಡಿದುಕೊಂಡು, ತಾವೇ ಎಂಟು ಮಾತ್ರೆ ಎಣಿಸುತ್ತ ಮೇಲೆ ಕೆಳಗೆ ಆಡಿಸಿದರು.

“ಕೈ ನಿಂದ್ರಸಬ್ಯಾಡ. ತಂತಿಗಿ ಹತ್ತಲಿಲ್ಲಂದ್ರ ಗಾಳಿಗಿ ಹೊಡಿ. ಆದ್ರ ಕೈ ನಡೀತಿರಬೇಕು.”

2.4ರ ಶೂನ್ಯಘಾತ ಇದೇ. ಹುಡುಗ ಕಲಿಯುತ್ತಿದ್ದ ನಡೆಯನ್ನು ಕೆಹರವಾ ತಾಳದ ಎಂಟು ಮಾತ್ರೆಗೆ ಹಾಸಿ ನೋಡಿ: ಒಂದು, ಮೂರು, ನಾಲ್ಕು, ಆರು, ಏಳು, ಎಂಟರಲ್ಲಿ ಬೆರಳು ತಂತಿಗೆ ತಾಗುತ್ತದೆ. ಎರಡು ಮತ್ತು ಐದರಲ್ಲಿ ತಾಗುವುದಿಲ್ಲ, ಆದರೆ ಕೈ ಅಲ್ಲಿಯೂ ಹೋಗಿ ಬರಬೇಕು. ಲಯ ಇರುವುದು ಆ ಎರಡು ಬರಿದಾದ ಮಾತ್ರೆಗಳಲ್ಲಿ. ಎಡಗೈಯಿಂದ ತಂತಿಗಳನ್ನೆಲ್ಲ ಮೆಲ್ಲಗೆ ಅದುಮಿ ಸ್ವರ ಬರದಂತೆ ಮಾಡಿ, ಬಲಗೈಯೊಂದನ್ನೇ ನಿಧಾನ ಲಯದಲ್ಲಿ ಆಡಿಸುತ್ತ ಕೂರಬೇಕು. ಅದು ಹದಕ್ಕೆ ಬಂದಮೇಲೆ ಸ್ವರಗುಚ್ಛ. ಎಡಗೈ ತಪ್ಪಿದರೆ ತಪ್ಪಲಿ, ಬಲಗೈ ಅದಕ್ಕಾಗಿ ಕಾಯಬಾರದು. ಮೊಬೈಲಿನ ಪಾಠವೂ ಇದನ್ನೇ ಹೇಳಿತ್ತಂತೆ. ಹೇಳಿದ್ದು ಕಿವಿಗೆ ಹೋಗಿತ್ತು, ಮಣಿಕಟ್ಟಿಗೆ ಹೋಗಿರಲಿಲ್ಲ.

5.0 ಅನುಬಂಧದ ಬಗ್ಗೆ

ಇಲ್ಲಿಗೆ ‘ಸಂಕಥನ’ ಮುಗಿಸಿ ಉಪಸಂಹಾರ ಬರೆಯಬೇಕಿತ್ತು. ಆಗುತ್ತಿಲ್ಲ.

ಆ ಮುತ್ಯಾನ ಮನೆಗೆ ನನಗಿಂತ ಮುಂಚೆ ಹೋದ ಸಂಶೋಧಕರಿದ್ದಾರೆ. ಇಡೀ ರಾತ್ರಿ ಹಾಡಿಸಿ ಮುದ್ರಿಸಿಕೊಂಡು ಹೋದವರು ಒಂದು ಪ್ರತಿಯನ್ನೂ ತಿರುಗಿ ಕೊಟ್ಟಿಲ್ಲ. ಅಂಥ ಪ್ರಬಂಧಗಳ ರಟ್ಟಿನ ಮೇಲೆ ಹೊನ್ನಿನ ಅಕ್ಷರದಲ್ಲಿ ಸಂಶೋಧಕರ ಹೆಸರು, ಅದರ ಕೆಳಗೆ ಮಾರ್ಗದರ್ಶಕರದು. ಹಾಡಿದವರು ಕೊನೆಯ ಪುಟಗಳ ಪಟ್ಟಿಯೊಳಗೆ: ವಯಸ್ಸು, ಜಾತಿ, ಉದ್ಯೋಗ ಕೂಲಿ, ವಿದ್ಯಾಭ್ಯಾಸ ‘ಅನಕ್ಷರಸ್ಥ’. ಎರಡು ಭಾಷೆಯ ನೂರಾರು ಪದ ಬಾಯಲ್ಲಿರುವವನಿಗೆ ಕೊಡುವ ಪದವಿ ಅದು! ಅದನ್ನು ಕೇಳಿ ಬರೆದುಕೊಂಡವನಿಗೆ ಡಾಕ್ಟರೇಟು.

ಇನ್ನು ‘ಗಡಿನಾಡ ಜಾನಪದ’ದ ಸಮಾರಂಭಗಳು. ಇವೆಲ್ಲ ಏಕೆ ಫೆಬ್ರವರಿ–ಮಾರ್ಚಿನಲ್ಲಿಯೇ ಬರುತ್ತವೆ? ಮಾರ್ಚ್ 31ರೊಳಗೆ ಅನುದಾನ ಖರ್ಚಾಗಬೇಕು, ಅದಕ್ಕೆ. ಆ ಹೊತ್ತಿಗೆ ಮರಾಠವಾಡದ ಬಡವರು ಎಲ್ಲಿರುತ್ತಾರೆ? ದಸರೆ ದಾಟಿದ ಮೇಲೆ ಕೂಲಿ ಗುತ್ತಿಗೆದಾರ ಮುಕಾದಮನ ಹತ್ತಿರ ಮುಂಗಡ ಇಸಿದುಕೊಂಡು ಗಂಡ–ಹೆಂಡತಿ–ಮಕ್ಕಳು ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರಕ್ಕೆ, ಕರ್ನಾಟಕದ ಸಕ್ಕರೆ ಕಾರ್ಖಾನೆಗಳ ಕಡೆಗೆ ಹೋಗಿರುತ್ತಾರೆ. ಹಂಗಾಮು ಮುಗಿದು ಮರಳುವುದು ಬೇಸಿಗೆಗೆ. ಹವಾಯಿಯ ಕಬ್ಬಿನ ಕೂಲಿಗಳ ವಾದ್ಯವನ್ನು ಜಗತ್ತು ಮುದ್ದಿನಿಂದ ಎದೆಗವಚಿಕೊಂಡಿದೆ. ನಮ್ಮ ಕಬ್ಬಿನ ಕೂಲಿಗಳ ಏಕತಾರಿ ಅಷ್ಟೂ ತಿಂಗಳು ಮೊಳೆಗೆ ತೂಗಿರುತ್ತದೆ. ಅದೇ ವೇಳೆಗೆ ವೇದಿಕೆಯಲ್ಲಿ ‘ಅಂಚಿನ ಸಮುದಾಯಗಳ ದನಿ’ಯ ಬಗ್ಗೆ ಪ್ರಬಂಧ ಮಂಡನೆ ನಡೆದಿರುತ್ತದೆ.

ವಯಸ್ಸಾಯಿತೆಂದು ಕಬ್ಬಿಗೆ ಹೋಗದೆ ಊರಲ್ಲೇ ಉಳಿದ ಈ ಮುತ್ಯಾನನ್ನು ಅಂಥ ಒಂದು ಸಮಾರಂಭಕ್ಕೆ ಕರೆಸಿದ್ದರು. ನಾನೂ ಅಲ್ಲಿದ್ದೆ. ಬೆಳಗ್ಗೆ ಹತ್ತಕ್ಕೆ ಬರಹೇಳಿ, ಉದ್ಘಾಟನೆ, ಆಶಯ ಭಾಷಣ, ಎರಡು ಗೋಷ್ಠಿ ಮುಗಿಯುವವರೆಗೆ ಹಿಂದಿನ ಸಾಲಿನಲ್ಲಿ ಕೂಡಿಸಿದರು. ಮಧ್ಯಾಹ್ನ ಏಕತಾರಿ ಶ್ರುತಿ ಮಾಡಿಕೊಂಡು ಪಲ್ಲವಿ ಎತ್ತಿದ್ದರಷ್ಟೇ, ನಿರೂಪಕ ಓಡಿ ಬಂದ: “ಒಂದೇ ನುಡಿ ಸಾಕ್ರಿ ಅಜ್ಜಾರ, ಊಟಕ್ಕ ಟೈಮ್ ಆಗ್ಯದ.” ಮುತ್ಯಾ ಒಂದೇ ನುಡಿ ಹಾಡಿ ಇಳಿದರು. ಶಾಲು ಹೊದಿಸಿದರು. ಸಂಭಾವನೆಗೆ ಬ್ಯಾಂಕಿನ ಪಾಸ್‌ಬುಕ್ಕಿನ ಜೆರಾಕ್ಸ್ ಕೇಳಿದರು, ಅದು ಊರಲ್ಲಿತ್ತು. ಗೋಷ್ಠಿಯ ಅಧ್ಯಕ್ಷರ ಪ್ರಯಾಣಭತ್ಯೆಗೆ ಮಾತ್ರ ಲಕೋಟೆ ತಯಾರಾಗಿತ್ತು.

ಈ ಪ್ರಬಂಧದಲ್ಲಿಯೂ ಅವರ ಹೆಸರಿಲ್ಲ ಎಂದು ಯಾರಾದರೂ ನನ್ನ ಕೊರಳಪಟ್ಟಿ ಹಿಡಿಯಬಹುದು. ಹೆಸರು ಹಾಕಲೇ ಎಂದು ಕೇಳಿದ್ದೆ. “ಬ್ಯಾಡ ತಮ್ಮಾ, ಹೆಸರ ಹಾಕಿದಿ ಅಂದ್ರ ಮತ್ತೊಬ್ಬ ಮಾಸ್ತರ ಬರ್ತಾನ” ಎಂದರು.

ಸಮಾರಂಭ ಮಾಡುವವರಲ್ಲಿ ಕೇಳಿಕೊಳ್ಳುವುದಿಷ್ಟು. ಮಾಡುವುದಾದರೆ ಶ್ರಾವಣದಲ್ಲಿ ಮಾಡಿ, ಅವರ ಊರಲ್ಲಿಯೇ ಮಾಡಿ. ಮೊದಲು ಅವರು ಹಾಡಲಿ, ಭಾಷಣ ಆಮೇಲೆ. ಮುದ್ರಿಸಿಕೊಂಡದ್ದರ ಪ್ರತಿ ಮನೆಗೆ ಮುಟ್ಟಿಸಿ, ಸಂಭಾವನೆ ಅದೇ ದಿನ ಕೈಗೆ ಕೊಡಿ. ಅವರು ಹಾಡುತ್ತಿರುವಾಗ ಊಟದ ಗಂಟೆ ಹೊಡೆಯಬೇಡಿ.