ಸ್ವೀಕೃತಿ ಚೀಟಿಯ ಶಾಸನಪಾಠ

ಸಿಕ್ಕ ಸ್ಥಳ: ಮಂಡ್ಯ ಸೀಮೆಯ ಒಂದು ತಾಲ್ಲೂಕು ಕೇಂದ್ರ, ಬಸ್‌ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯ ಕಸದ ಬುಟ್ಟಿ. ವಸ್ತು: ಎ4 ಕಾಗದ. ಲಿಪಿ: ಕನ್ನಡ ಮತ್ತು ಇಂಗ್ಲಿಷ್, ಇಂಕ್ ಮುಗಿಯುತ್ತ ಬಂದ ಪ್ರಿಂಟರಿನದು. ಸ್ಥಿತಿ: ನಾಲ್ಕು ಮಡಿಕೆ, ಬೆನ್ನಿಗೆ ಯಾರೋ ಕಬ್ಬಿನ ತೂಕದ ಲೆಕ್ಕ ಬರೆದಿದ್ದಾರೆ. ವಿಷಯ: ಬಿ.ಕಾಂ. ಓದುತ್ತಿರುವ ಹುಡುಗಿಯೊಬ್ಬಳು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಅಂದರೆ ಜನ ಎಸ್‌ಎಸ್‌ಪಿ ಎನ್ನುವಲ್ಲಿ, ಅರ್ಜಿ ಹಾಕಿದ್ದಕ್ಕೆ ಬಂದ ಸ್ವೀಕೃತಿ. ಕಾಲ: ಕೊನೆಯ ದಿನಾಂಕವನ್ನು ಎರಡನೇ ಸಲ ಮುಂದೂಡಿದ ಮೇಲೆ, ಮೂರನೇ ಸಲ ಮುಂದೂಡುವ ಮೊದಲು.

ಕಾಲನಿರ್ಣಯದ ಬಗ್ಗೆ ಒಂದು ಮಾತು. ಚೀಟಿಯಲ್ಲಿ ತಾರೀಖು ಅಚ್ಚಾಗಿದೆ, ಆದರೆ ಈ ಕ್ಷೇತ್ರದಲ್ಲಿ ಪಳಗಿದವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಶಾಲಿವಾಹನ ಶಕೆ, ವಿಕ್ರಮ ಶಕೆಗಳ ಜೊತೆಗೆ ಇಲ್ಲಿ ವಿಸ್ತರಣ ಶಕೆ ಎಂಬುದೊಂದು ಚಾಲ್ತಿಯಲ್ಲಿದೆ. ‘ಲಾಸ್ಟ್ ಡೇಟ್ ಎಕ್ಸ್‌ಟೆಂಡ್ ಆಗಿದೆಯಂತೆ’ ಎಂಬ ಸಾಲು ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬಿದ್ದ ಗಳಿಗೆಯೇ ಹೊಸ ಸಂವತ್ಸರ. ಮೊದಲ ವಿಸ್ತರಣೆಗೂ ಮುಂಚೆ ಅರ್ಜಿ ಮುಗಿಸಿದವರು ಇದ್ದರೆಂದು ಕೆಲವು ಪ್ರಾಧ್ಯಾಪಕರು ಹೇಳುತ್ತಾರೆ. ಅಂಥವರ ಒಂದು ಚೀಟಿಯೂ ಇದುವರೆಗೆ ನಮ್ಮ ಕಣ್ಣಿಗೆ ಬೀಳದ ಕಾರಣ ಅವರನ್ನು ಸದ್ಯಕ್ಕೆ ಪುರಾಣದ ಪಾಲಿಗೆ ಬಿಟ್ಟಿದ್ದೇವೆ.

ಪೂರ್ವಪರಂಪರೆ

ಓದುವವರಿಗೆ ರಾಜ್ಯ ಕೈಹಿಡಿಯುವುದು ಈ ನೆಲಕ್ಕೆ ಹೊಸದಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಯ ವಿವರ ಕ್ರಿ.ಶ. 945ರ ಶಾಸನದಲ್ಲಿದೆ. ಪರಊರಿನಿಂದ ಬಂದ ವಿದ್ಯಾರ್ಥಿಗಳು ಉಳಿಯಲು 27 ಮನೆ. ರಾತ್ರಿ ದೀಪದ ಖರ್ಚಿಗೇ ಬೇರೆ ಭೂಮಿ. ಅದೂ ಸಾಲದೆಂದು ಊರಲ್ಲಿ ಮದುವೆ, ಮುಂಜಿ ಆದಾಗಲೆಲ್ಲ ಶಾಲೆಗೆ ಇಷ್ಟಿಷ್ಟು ಎಂದು ಹಣ. ಕಲಬುರಗಿ ಸೀಮೆಯ ನಾಗಾವಿಯಲ್ಲಿದ್ದ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದಲ್ಲಂತೂ, 1058ರ ಶಾಸನದ ಪ್ರಕಾರ, ಪುಸ್ತಕ ನೋಡಿಕೊಳ್ಳಲಿಕ್ಕೇ ಆರು ಜನ ಸರಸ್ವತೀ ಭಂಡಾರಿಗರಿದ್ದರು. (ಇದನ್ನು ಇಂದಿನ ಪದವಿ ಕಾಲೇಜಿನ ಲೈಬ್ರೇರಿಯನ್ನರಿಗೆ ಓದಿ ಹೇಳುವುದು ಬೇಡ. ಇದ್ದರೆ ಒಬ್ಬರಿರುತ್ತಾರೆ, ಸ್ಕಾಲರ್‌ಶಿಪ್ ಕೆಲಸವೂ ಎಷ್ಟೋ ಕಡೆ ಅವರ ತಲೆಗೇ ಕಟ್ಟಿರುತ್ತದೆ.)

ಈ ದಾನಶಾಸನಗಳ ರಚನೆಯನ್ನು ಗಮನಿಸಬೇಕು. ಕೊಟ್ಟವನು ತನ್ನ ಪ್ರವರವನ್ನೆಲ್ಲ ಹೇಳಿಕೊಳ್ಳುತ್ತಾನೆ: ತಾನು ಯಾರು, ತಂದೆ ಯಾರು, ವಂಶ ಯಾವುದು, ಯಾವ ಯಾವ ಬಿರುದು, ಕೊಟ್ಟ ಹೊಲದ ಮೂಡಣ ಗಡಿಗೆ ಯಾವ ಮರ, ಪಡುವಣಕ್ಕೆ ಯಾವ ಹಳ್ಳ. ಕೊನೆಗೆ ಸೂರ್ಯಚಂದ್ರರಿರುವವರೆಗೂ ನಡೆಯಲಿ ಎಂಬ ಮಾತು. ಪಡೆದವನ ಬಗ್ಗೆ ಹೇಳುವುದು ಅಷ್ಟಕ್ಕಷ್ಟೆ. ನಮ್ಮ ಚೀಟಿಯಲ್ಲಿ ಇದು ಪೂರಾ ತಿರುವುಮುರುವಾಗಿದೆ. ಕೊಡುವವರ ಸಂಗತಿ ನೆತ್ತಿಯ ಮೇಲಿನ ಗಂಡಭೇರುಂಡದ ಲಾಂಛನಕ್ಕೇ ಮುಗಿಯಿತು. ಪಡೆಯುವವಳ ತಂದೆ, ತಾಯಿ, ಜಾತಿ, ಆದಾಯ, ಹೋದ ವರ್ಷದ ಅಂಕ, ಹಾಸ್ಟೆಲಿನಲ್ಲಿದ್ದಾಳೋ ಮನೆಯಿಂದ ಓಡಾಡುತ್ತಾಳೋ, ಅಪ್ಪ ರೈತನೋ ಕೂಲಿಯೋ, ಒಂದೂ ಬಿಟ್ಟಿಲ್ಲ. ಪ್ರಶಸ್ತಿಯ ಭಾಗ ರಾಜನ ತಲೆಯಿಂದಿಳಿದು ಬಿ.ಕಾಂ. ಹುಡುಗಿಯ ತಲೆಗೆ ಏರಿದ್ದು ಹೇಗೆ ಎಂಬುದೇ ನಮ್ಮ ಸಂಶೋಧನೆಯ ಮೂಲ ಪ್ರಶ್ನೆ.

ಹಾಗಾದರೆ ಹಳೆಯ ಕಾಲವೇ ಮೇಲು ಎನ್ನುವ ಪಂಥವೊಂದು ಕೂಡಲೇ ಎದ್ದು ನಿಲ್ಲುತ್ತದೆ. ಅವರು ದಯವಿಟ್ಟು ಕೂತುಕೊಳ್ಳಬೇಕು. ಸಾಲೋಟಗಿಯ ಆ 27 ಮನೆಗಳಲ್ಲಿ ಒಂದರ ಹೊಸ್ತಿಲನ್ನೂ ಈ ಹುಡುಗಿಗಾಗಲಿ, ಇವಳಪ್ಪನಿಗಾಗಲಿ ದಾಟಲು ಬಿಡುತ್ತಿರಲಿಲ್ಲ. ಅಲ್ಲಿ ಅರ್ಜಿ ನಮೂನೆ ಇರಲಿಲ್ಲ ನಿಜ. ಹುಟ್ಟುವಾಗಲೇ ಭರ್ತಿಯಾಗಿ ಬಂದಿರುತ್ತಿದ್ದುದರಿಂದ ಅದರ ಅಗತ್ಯವೂ ಇರಲಿಲ್ಲ. ಒಳಗಿದ್ದವರನ್ನು ಯಾರೂ ಸರ್ಟಿಫಿಕೇಟ್ ಕೇಳಲಿಲ್ಲ. ಸಾವಿರ ವರ್ಷ ಹೊರಗಿದ್ದವರು ಒಳಗೆ ಕಾಲಿಟ್ಟ ಮೇಲೆ, ‘ಹೊರಗಿದ್ದೆ ಎನ್ನುವುದಕ್ಕೆ ದಾಖಲೆ ತಂದಿದ್ದೀರಾ?’ ಎಂದು ಕೇಳುವ ಪದ್ಧತಿ ಬಂತು.

ನಡುವಿನ ಕಾಲದ ಎರಡು ಕೊಂಡಿಗಳನ್ನು ಬೇಗ ಮುಟ್ಟಿ ಮುಂದೆ ಹೋಗೋಣ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ವಿಶ್ವೇಶ್ವರಯ್ಯನವರು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಓದಿದರು. ಆ ಖರ್ಚು ಕನ್ನಂಬಾಡಿ ಕಟ್ಟೆಯಲ್ಲಿ ಬಡ್ಡಿ ಸಮೇತ ವಸೂಲಾಯಿತು. ಬರೋಡದ ಸಯ್ಯಾಜಿರಾವ್ ಗಾಯಕವಾಡರು 1913ರಲ್ಲಿ ಅಂಬೇಡ್ಕರರಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷ ಕೊಟ್ಟರು. ಬದಲಿಗೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರು. ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ. ಆಗ ಅದೇ ಅಂಬೇಡ್ಕರರು ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕೂತಿದ್ದರು. ವಿದ್ಯಾರ್ಥಿವೇತನದಿಂದ ದೇಶಕ್ಕೆ ಏನು ಲಾಭ ಎಂದು ಕೇಳುವವರಿಗೆ ಈ ಪ್ಯಾರಾವನ್ನು ಇ-ದೃಢೀಕರಣ ಮಾಡಿಸಿ ಕಳುಹಿಸಬಹುದು.

ಪಾಠ ಮತ್ತು ವ್ಯಾಖ್ಯಾನ

ಮೊದಲ ಸಾಲುಗಳಲ್ಲೇ ‘ಆರ್‌ಡಿ’ ಎಂಬ ಬೀಜಾಕ್ಷರ, ಬೆನ್ನಿಗೆ ಹದಿಮೂರು ಅಂಕಿ. ಇದು ನಾಡಕಚೇರಿಯಿಂದ ಬಂದ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಸಂಖ್ಯೆ. ಗ್ರಾಮ ಲೆಕ್ಕಿಗರು (ಈಗ ಗ್ರಾಮ ಆಡಳಿತ ಅಧಿಕಾರಿ, ಕೂರುವ ಕುರ್ಚಿ ಅದೇ) ಬರೆದು, ಆರ್‌ಐ ನೋಡಿ, ತಹಶೀಲ್ದಾರರ ಡಿಜಿಟಲ್ ಸಹಿ ಬಿದ್ದಾಗ ಈ ಸಂಖ್ಯೆಗೆ ಪ್ರಾಣ ಬರುತ್ತದೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಆಯುಸ್ಸು. ಇದರಿಂದ ನಾವು ‘ಆದಾಯ ಸ್ಥಿರತಾ ಸಿದ್ಧಾಂತ’ವನ್ನು ಮಂಡಿಸುತ್ತೇವೆ: ಮಳೆ ಕೈಕೊಡಲಿ, ಕಬ್ಬಿನ ಬಾಕಿ ಬರಲಿ ಬರದಿರಲಿ, ಹಸು ಸಾಯಲಿ, ಒಂದು ಕುಟುಂಬದ ವರಮಾನ ಐದು ವರ್ಷ ಒಂದು ಪೈಸೆ ಅಲುಗುವುದಿಲ್ಲ. ಅರ್ಥಶಾಸ್ತ್ರಜ್ಞರು ಇಡೀ ದೇಶಕ್ಕೆ ಸಾಧಿಸಲಾಗದ ಸ್ಥಿರತೆ ನಾಡಕಚೇರಿಯಲ್ಲಿ ದಿನಕ್ಕೆ ಹತ್ತಾರು ಮನೆಗಳಿಗೆ ಸಿಗುತ್ತಿದೆ.

ಮುಂದಿನದು ತಂದೆಯ ಹೆಸರು, ಪಾಠಾಂತರಗಳ ಗೊಂಡಾರಣ್ಯ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಂಜುನಾಥ, ಇಂಗ್ಲಿಷ್‌ನಲ್ಲಿ ಕೊನೆಗೊಂದು ‘ಎ’. ಆಧಾರ್‌ನಲ್ಲಿ ಆ ‘ಎ’ ಇಲ್ಲ. ಪಹಣಿಯಲ್ಲಿ ಮಂಜುನಾಥ ಬಿನ್ ಮರಿಗೌಡ. ಬ್ಯಾಂಕಿನಲ್ಲಿ ಇನಿಶಿಯಲ್ ಮುಂದೆ, ಆಧಾರ್‌ನಲ್ಲಿ ಇನಿಶಿಯಲ್ ಹಿಂದೆ. ಹಸ್ತಪ್ರತಿಗಳನ್ನು ಸಂಪಾದಿಸುವವರು ಇಂಥಲ್ಲಿ ಶುದ್ಧಪಾಠ ಯಾವುದೆಂದು ತೂಗಿ ನೋಡಿ ಒಂದನ್ನು ಆರಿಸಿಕೊಳ್ಳುತ್ತಾರೆ, ಉಳಿದವನ್ನು ಅಡಿಟಿಪ್ಪಣಿಗೆ ಹಾಕುತ್ತಾರೆ. ಪೋರ್ಟಲ್‌ಗೆ ಅಡಿಟಿಪ್ಪಣಿಯಲ್ಲಿ ನಂಬಿಕೆಯಿಲ್ಲ. ಅದರ ಪ್ರಕಾರ ಇವರು ಬೇರೆ ಬೇರೆ ನಾಲ್ವರು, ಈ ಹುಡುಗಿಗೆ ನಾಲ್ವರು ತಂದೆಯರು, ನಾಲ್ವರೂ ರಾತ್ರಿ ಒಂದೇ ಮನೆಗೆ ಊಟಕ್ಕೆ ಬರುತ್ತಾರೆ.

ಅದರ ಕೆಳಗೆ ಎಫ್‌ಐಡಿ, ರೈತರಿಗೆ ಕೊಡುವ ಫ್ರೂಟ್ಸ್ ಸಂಖ್ಯೆ. ಅಪ್ಪನಿಗೆ ಜಮೀನಿದ್ದು ಇದು ಇದ್ದರೆ ರೈತ ವಿದ್ಯಾನಿಧಿ. 2021ರಲ್ಲಿ ಬೊಮ್ಮಾಯಿಯವರು ಮುಖ್ಯಮಂತ್ರಿಯಾದ ಹೊಸತರಲ್ಲಿ ಸಾರಿದ ಯೋಜನೆ. ಬಿ.ಎ., ಬಿ.ಕಾಂ.ನಂಥ ಪದವಿಗೆ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500. ಈ ಹೆಚ್ಚುವರಿ ಐನೂರಿನ ತಾತ್ವಿಕ ಆಧಾರದ ಬಗ್ಗೆ ಒಂದು ಪಿಎಚ್‌ಡಿ ಆಗಬಹುದು. ಹುಡುಗಿಯರನ್ನು ಕೇಳಿದರೆ ‘ಬಸ್ ಫ್ರೀ ಆದ್ಮೇಲೆ ಅದೂ ಉಳೀತು’ ಎಂದು ಸರಳವಾಗಿ ಮುಗಿಸುತ್ತಾರೆ.

ಇನ್ನು ಶಾಸನ ಕೆತ್ತಿದ ಬಗೆ. ಕಲ್ಲುಕುಟಿಗನ ಜಾಗದಲ್ಲಿ ಸೈಬರ್ ಸೆಂಟರಿನ ಹುಡುಗ, ಉಳಿಯ ಜಾಗದಲ್ಲಿ ಒಟಿಪಿ. ಆಧಾರ್‌ಗೆ ಜೋಡಿಸಿದ ನಂಬರು ಅಪ್ಪನದು, ಅಪ್ಪ ಗದ್ದೆಯಲ್ಲಿ. ಕ್ಷೇತ್ರಕಾರ್ಯದಲ್ಲಿ ಕಿವಿಗೆ ಬಿದ್ದ ಸಂವಾದವನ್ನು ಭಾಷಾಶಾಸ್ತ್ರದ ಉಪಯೋಗಕ್ಕಾಗಿ ಇದ್ದಂತೆಯೇ ಕೊಡುತ್ತೇವೆ:

“ಅಪ್ಪಾ, ಈಗೊಂದು ಮೆಸೇಜ್ ಬಂದಿರುತ್ತೆ, ಆರು ನಂಬರ್ ಇರುತ್ತೆ, ಓದಪ್ಪ.”

“ಮೆಸೇಜ್ ನೋಡ್ಬೇಕು ಅಂದ್ರೆ ಫೋನ್ ಮಡುಗ್ಬೇಕು ಕಣವ್ವ.”

“ಮಡುಗಿ ನೋಡಿ ನೀನೇ ಮಾಡು.”

“ಕರೆನ್ಸಿ ಇಲ್ಲ, ನೀನೇ ಮಾಡು.”

ಮತ್ತೆ ಕರೆ.

“ಸುಮಾರ್ ಅವೆ. ಮೇಲ್ಗಡೇದೋ, ಕೆಳಗಡೇದೋ?”

“ಮೇಲಿಂದು.”

“ಮೇಲಿಂದು ಗ್ಯಾಸ್‌ದು ಕಣ್ ಮಗಾ.”

“ಟೈಮ್‌ಔಟ್ ಆಯ್ತು,” ಎಂದ ಸೈಬರ್ ಸೆಂಟರಿನವನು, ಪರದೆಯಿಂದ ಕಣ್ಣು ತೆಗೆಯದೆ. “ರೀಸೆಂಡ್ ಕೊಡ್ತೀನಿ. ಈ ಸಲ ಹೊಸದು ಓದೋಕ್ ಹೇಳಮ್ಮ ಅವ್ರಿಗೆ.”

ಚಾವಡಿಗಳು

ಅರ್ಜಿ ಹಾಕುವುದು ಎರಡನೆಯ ಮಾತು. ಯಾವುದಕ್ಕೆ ಹಾಕಬೇಕೆಂದು ಕಂಡುಹಿಡಿಯುವುದೇ ಮೊದಲಿನ ವಿದ್ಯೆ. ಮೈಸೂರಿನ ಚಿಕ್ಕದೇವರಾಜ ಒಡೆಯರು ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರು ಎಂದು ಇತಿಹಾಸ ಹೇಳುತ್ತದೆ. ಬೆಂಗಳೂರಿನ ಹೈಕೋರ್ಟ್ ಕಟ್ಟಡಕ್ಕೆ ಅಠಾರಾ ಕಚೇರಿ ಎಂಬ ಹೆಸರು ಬಂದದ್ದೂ ಹದಿನೆಂಟರ ಲೆಕ್ಕದಿಂದಲೇ. ವಿದ್ಯಾರ್ಥಿವೇತನಗಳು ಇಂದಿಗೂ ಚಾವಡಿ ಪದ್ಧತಿಯಲ್ಲೇ ಇವೆ. ಸಮಾಜ ಕಲ್ಯಾಣ ಒಂದು ಕಡೆ, ಪರಿಶಿಷ್ಟ ಪಂಗಡಗಳದು ಇನ್ನೊಂದು, ಹಿಂದುಳಿದ ವರ್ಗಗಳದು ಮತ್ತೊಂದು, ಅಲ್ಪಸಂಖ್ಯಾತರದು ಮಗದೊಂದು. ಅಪ್ಪ ಗಾರೆ ಕೆಲಸದವನಾದರೆ ಕಟ್ಟಡ ಕಾರ್ಮಿಕರ ಮಂಡಳಿ. ಕಾಲೇಜು ಶಿಕ್ಷಣ ಇಲಾಖೆಯದು ಬೇರೆಯೇ. ಎಲ್ಲದಕ್ಕೂ ಒಂದೇ ಬಾಗಿಲು ಎಂದು ಪೋರ್ಟಲ್ ಮಾಡಿದ್ದು ಒಳ್ಳೆಯ ಕೆಲಸವೇ, ಇದನ್ನು ಅಣಕವಿಲ್ಲದೆ ಹೇಳುತ್ತೇವೆ. ಮೊದಲು ಇಲಾಖೆಗೊಂದರಂತೆ ಅರ್ಜಿ ಬರೆದು, ಗೆಜೆಟೆಡ್ ಅಧಿಕಾರಿಯ ಮನೆ ಬಾಗಿಲಲ್ಲಿ ನಿಂತು ಹಸಿರು ಇಂಕಿನ ಸಹಿ ಹಾಕಿಸಿಕೊಂಡವರು ಇನ್ನೂ ಬದುಕಿದ್ದಾರೆ. ಆದರೆ ಬಾಗಿಲು ಒಂದಾದ ಮಾತ್ರಕ್ಕೆ ಒಳಗಿನ ಕೋಣೆಗಳು ಒಂದಾಗಲಿಲ್ಲ.

ಹೀಗಾಗಿ ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಹುಡುಗನಿಗೆ ವಿದ್ಯಾಸಿರಿಯಲ್ಲಿ ಊಟ ವಸತಿಗೆಂದು ತಿಂಗಳಿಗೆ ಇಷ್ಟೆಂದು ಹಣ ಸಿಗಬಹುದೆಂಬುದು ಅವನಿಗೆ ತಿಳಿಯುವುದು ಪಕ್ಕದ ರೂಮಿನವನಿಗೆ ದುಡ್ಡು ಬಂದ ಮೇಲೆಯೇ. ಪದವಿ ಓದುವ ಹೆಣ್ಣುಮಕ್ಕಳಿಗೆ ಸಂಚಿ ಹೊನ್ನಮ್ಮನ ಹೆಸರಿನ ವಿದ್ಯಾರ್ಥಿವೇತನವೊಂದಿದೆ. ಹೊನ್ನಮ್ಮ ಅದೇ ಚಿಕ್ಕದೇವರಾಜರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿದಿದ್ದವಳು, ಅಲ್ಲಿಂದಲೇ ‘ಹದಿಬದೆಯ ಧರ್ಮ’ ಬರೆದವಳು. ಹದಿನೆಂಟು ಚಾವಡಿಗಳಲ್ಲಿ ಯಾವ ಚಾವಡಿ ಅವಳ ಕಡತ ನೋಡಿತು, ಆದಾಯ ಪ್ರಮಾಣಪತ್ರ ಕೇಳಿತೇ ಎಂಬುದಕ್ಕೆ ಆಧಾರಗಳಿಲ್ಲ. ಎದುರಿಗಿದ್ದವಳಿಗೆ ಪ್ರತಿಭೆಯಿದೆ ಎಂದು ಕಣ್ಣಲ್ಲೇ ಕಂಡು ನಂಬಿದರೆಂದು ಊಹಿಸಬೇಕಾಗುತ್ತದೆ. ಆಡಳಿತ ಶಾಸ್ತ್ರದ ದೃಷ್ಟಿಯಿಂದ ಇದು ಅಪಾಯಕಾರಿ ಪೂರ್ವನಿದರ್ಶನ.

ಭೋಗ

ಮಂಜೂರಾದದ್ದು ಕೈಸೇರುವ ಅಧ್ಯಾಯ ಚಿಕ್ಕದು, ದುಃಖ ದೊಡ್ಡದು. ಸ್ಟೇಟಸ್ ನೋಡಿದರೆ ಕಾಲೇಜಿನಲ್ಲಿದೆ, ಆಮೇಲೆ ತಾಲ್ಲೂಕಿನಲ್ಲಿದೆ, ಆಮೇಲೆ ಜಿಲ್ಲೆಯಲ್ಲಿದೆ. ಓದಲು ಊರು ಬಿಟ್ಟು ಹೋಗಲಾಗದ ಹುಡುಗಿಯ ಅರ್ಜಿ ಅವಳಿಗಿಂತ ಹೆಚ್ಚು ಊರು ನೋಡುತ್ತದೆ. ಖಜಾನೆಯಿಂದ ಹೊರಟ ಹಣ ಹೋಗುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್‌ಗೆ ಕೊನೆಯದಾಗಿ ಮ್ಯಾಪ್ ಆದ ಖಾತೆಗೆ. ಬ್ಯಾಂಕಿನಲ್ಲಿ ಕೇಳಿದರೆ “ಲಿಂಕ್ ಆಗಿದೆ ಹೋಗಮ್ಮ” ಎನ್ನುತ್ತಾರೆ, ಅದೂ ಸುಳ್ಳಲ್ಲ. ಕೆವೈಸಿಗೆ ಆಧಾರ್ ಕೊಡುವುದು ಬೇರೆ, ಹಣ ಯಾವ ಖಾತೆಗೆಂದು ದಾರಿ ತೋರಿಸುವ ಎನ್‌ಪಿಸಿಐಯಲ್ಲಿ ಸೀಡಿಂಗ್ ಆಗುವುದು ಬೇರೆ. ದ್ವೈತ ಅದ್ವೈತಗಳ ಭೇದ ತಿಳಿದವರೂ ಈ ಭೇದದ ಮುಂದೆ ತಡವರಿಸುತ್ತಾರೆ. ಎಂದೋ ಸಂತೆಯಲ್ಲಿ ಕೊಡೆಯ ಕೆಳಗೆ ಕೂತವನ ಹತ್ತಿರ ಸಿಮ್ ಕೊಳ್ಳುವಾಗ ಬೆರಳೊತ್ತಿದ್ದಕ್ಕೆ ತೆರೆದುಕೊಂಡ ಖಾತೆಯೊಂದರಲ್ಲಿ ಆ ಹಣ ಹಾಯಾಗಿ ಮಲಗಿರಬಹುದು. ಹುಡುಕುವವರು ಡಿಬಿಟಿ ಆ್ಯಪ್‌ನಲ್ಲಿ ಯಾವ ಬ್ಯಾಂಕೆಂದು ನೋಡಬೇಕು. ಇದೊಂದು ವಾಕ್ಯಕ್ಕಾಗಿಯಾದರೂ ಈ ಪ್ರಬಂಧವನ್ನು ಕತ್ತರಿಸಿ ಇಟ್ಟುಕೊಳ್ಳಬಹುದು.

ಶಾಪಾಶಯ

ಹಳೆಯ ಶಾಸನಗಳ ಕೊನೆಯಲ್ಲಿ ಶಾಪವಿರುತ್ತದೆ. ಈ ದಾನವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ, ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟು. ಅಂದರೆ ಶಾಪ ಬೀಳುತ್ತಿದ್ದದ್ದು ಕೊಡದಂತೆ ತಡೆದವನ ಮೇಲೆ. ನಮ್ಮ ಚೀಟಿಯ ಕೊನೆಯಲ್ಲೂ ಶಾಪವಿದೆ, ಹೆಸರು ‘ಘೋಷಣೆ’: ಮೇಲಿನ ವಿವರಗಳು ಸತ್ಯ, ತಪ್ಪಿದಲ್ಲಿ ಕ್ರಮಕ್ಕೆ ಬದ್ಧಳಾಗಿದ್ದೇನೆ. ಶಾಪ ಕೇಳಿದವಳ ಮೇಲೆಯೇ ತಿರುಗಿದೆ, ಮೇಲಾಗಿ ಅದನ್ನು ಅವಳ ಕೈಯಲ್ಲೇ ಟಿಕ್ ಮಾಡಿಸಿಕೊಂಡಿದ್ದಾರೆ. ತಡೆದವರಿಗೆ ಏನೆಂದು ಎಲ್ಲೂ ಕಾಣೆ.

ಈ ಕೊರತೆ ತುಂಬಲು ಪ್ರಸ್ತುತ ಸಂಶೋಧಕರು ಒಂದು ಕರಡು ತಯಾರಿಸಿದ್ದಾರೆ:

‘ಈ ಧರ್ಮಮಂ ತಡೆದವಂ, ಕಡತಮಂ ಮೇಜಿನೆಡದಿಂ ಬಲಕ್ಕೆ ಸರಿಸದವಂ, ಇದ್ದುಂ ಇಲ್ಲೆಂದು ಪೇಳಿಸಿದವಂ, ಏಳು ಜನ್ಮಂ ಅರ್ಜಿದಾರನಾಗಿ ಪುಟ್ಟುಗುಂ. ಪುಟ್ಟಿದೆಡೆಯೊಳೆಲ್ಲಂ ಅವನ ಪೆಸರ ಕಡೆಯ ‘ಎ’ ಒಂದು ಪತ್ರದೊಳಿರ್ಕುಂ, ಮತ್ತೊಂದರೊಳಿರದು. ಅವನ ಒಟಿಪಿ ಅವನ ತಂದೆಗೆ ಪೋಕುಂ, ತಂದೆಯ ಫೋನಿನೊಳ್ ಚಾರ್ಜಿರದು.’

ಕರಡನ್ನು ಓದಿ ನೋಡಿದ ನಿವೃತ್ತ ಶಿರಸ್ತೇದಾರರೊಬ್ಬರು ಒಕ್ಕಣೆ ಸರಿಯಿದೆ ಎಂದರು. ಏಳು ಜನ್ಮ ಎಂದಿರುವುದಕ್ಕೆ ಮಾತ್ರ ಆರ್ಥಿಕ ಇಲಾಖೆಯ ಸಹಮತಿ ಬೇಕಾಗುತ್ತದಂತೆ.