ಕೆರೆಯ ರಾಕ್ಷಸನಿಗೆ ಸಿಡಿಲು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ಅಮೆರಿಕದಲ್ಲಿ ಹುಟ್ಟಿದ್ದು 1974ರಲ್ಲಿ. ತೀರ್ಥಹಳ್ಳಿ ಪಕ್ಕದ ನಮ್ಮ ಜಗಲಿಗೆ ಅದು ಬರಲು ಬೆಂಗಳೂರಿನ ಸೋದರಳಿಯನ ಬೇಸಿಗೆ ರಜೆಯೇ ಬೇಕಾಯಿತು. ಹೊರಗೆ ಕೃತ್ತಿಕೆ ಮಳೆ. ಮೊದಲ ಗುಡುಗಿಗೇ ಕರೆಂಟು ಹೋಗಿ, ಮಾಣಿ ಬ್ಯಾಟರಿ ಬೆಳಕಲ್ಲಿ ದಾಳ ಉರುಳಿಸುತ್ತಿದ್ದ. ಅವನ ಮಾಂತ್ರಿಕ, ಕೆರೆಯಲ್ಲಿ ನಿಂತ ರಾಕ್ಷಸನ ಮೇಲೆ ಸಿಡಿಲು ಬಿಟ್ಟ. ನೂರಡಿ ಉದ್ದ, ಐದಡಿ ಅಗಲ. ಆರು ಮುಖದ ಎಂಟು ದಾಳ ಹಾಕಿ ಬಂದಷ್ಟು ಪೆಟ್ಟು. ಸಿಡಿಲಿಗೂ ಅಳತೆ ಹಿಡಿದ ಪುಣ್ಯಾತ್ಮರು!

“ಅದೇ ಕೆರೆಯಲ್ಲಿ ಉಳಿದವರೂ ಇದಾರಲ್ಲ, ಅವರಿಗೆ ಎಂತ ಆಗ್ತದೆ?” ಎಂದರು ಸಾಗರದ ಭಾವ.

ಮಾಣಿ ಪುಸ್ತಕ ತಿರುವಿದ. ನೀರಲ್ಲಿ ಪೂರ್ತಿ ಮುಳುಗಿದವರಿಗೆ ಬೆಂಕಿಯ ಪೆಟ್ಟು ಅರ್ಧ ಎಂದಿದೆ. ನೀರಲ್ಲಿ ಸಿಡಿಲು ಹೇಗೆ ಹರಡುತ್ತದೆಂಬ ಸುದ್ದಿಯೇ ಇಲ್ಲ. ಆಟ ನಡೆಸುವವನು ಹೇಳಿದ್ದೇ ತೀರ್ಪಂತೆ.

ತಾಳಮದ್ದಳೆ ಕೇಳಿ ಬೆಳೆದವರ ಮುಂದೆ ಇಂಥ ಮಾತು ಆಡಬಾರದು. ಭಾವ ಎಲೆಗೆ ಸುಣ್ಣ ಸವರುತ್ತ ಪೀಠಿಕೆ ಶುರುಮಾಡಿದರು: “ಶುದ್ಧ ನೀರಲ್ಲಿ ಕರೆಂಟು ಸರಿಯಾಗಿ ಹರಿಯೂದಿಲ್ಲ, ಉಪ್ಪು ಬೇಕು. ನಮ್ಮ ಹಳ್ಳದ ನೀರಿಗಿಂತ ಮನುಷ್ಯನ ಮೈಯಲ್ಲೇ ಉಪ್ಪು ಜಾಸ್ತಿ. ನೀರಲ್ಲಿ ನಿಂತವನ ಮೈಯೇ ಅದಕ್ಕೆ ಸಲೀಸು ದಾರಿ. ಹಾಂ, ಆ ಕೆರೆಯಲ್ಲಿ ಅಡಿಕೆಗೆ ಹೊಡೆಯೋ ಬೋರ್ಡೋ ಮದ್ದಿನ ಡ್ರಮ್ ತೊಳೆದಿದ್ರೆ ಲೆಕ್ಕ ಬೇರೆ.”

“ಮೀನಿಗೆ?”

“ಸಿಡಿಲು ಹೆಚ್ಚಾಗಿ ಮೇಲ್ಮೈಲೇ ಹರಡ್ತದೆ, ಆಳದಲ್ಲಿದ್ದದ್ದು ಬದುಕ್ತದೆ. ದಡದಲ್ಲಿರೋ ದನದ್ದೇ ಕಷ್ಟ. ನೆಲದಲ್ಲಿ ಹರಿದ ಕರೆಂಟು ಮುಂಗಾಲಲ್ಲಿ ಹತ್ತಿ ಹಿಂಗಾಲಲ್ಲಿ ಇಳೀತದೆ.”

ನಾಲ್ಕು ಕಾಲಿನ ರಾಕ್ಷಸನಿಗೆ ಪೆಟ್ಟು ಎರಡು ಪಟ್ಟು ಎಂದು ಮಾಣಿ ಬರೆದುಕೊಂಡ. ಪುಸ್ತಕ ಬರೆದವರಿಗೆ ಕೊಟ್ಟಿಗೆಯ ಅನುಭವ ಇಲ್ಲದ್ದು ಸ್ಪಷ್ಟ.

ಹೊಸನಗರದ ದೊಡ್ಡಪ್ಪನ ತಕರಾರೇ ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಾಗಿ, ಶರಾವತಿ ಹಿನ್ನೀರು ಅವರ ಅಪ್ಪನ ಗದ್ದೆಯನ್ನು ನುಂಗಿತ್ತು. “ನೀರಿಗೆ ಸಿಡಿಲು ಬಿಡೂದು ಎಂತ ದೊಡ್ಡ ವಿದ್ಯೆ? ಶರಾವತಿ ನೀರಿಂದಲೇ 1035 ಮೆಗಾವಾಟ್ ತೆಗೆಯೋ ಪವರ್‌ಹೌಸ್ ಕಟ್ಟಿದಾರೆ ಮಾರಾಯ. ಅದರ ಪೆಟ್ಟು ನಮಗೆ ಬಿತ್ತಲ್ಲ, ಅದಕ್ಕೆಷ್ಟು ದಾಳ?”

ಮಾಣಿ ಪುಟ ತಿರುವುವುದನ್ನೇ ನಿಲ್ಲಿಸಿದ. ಅಷ್ಟರಲ್ಲಿ ಇನ್ನೊಂದು ಗುಡುಗು. ಒಳಗಿನಿಂದ ಅಮ್ಮ ಅರ್ಜುನನ ಹತ್ತು ಹೆಸರು ಹೇಳುವುದು ಕೇಳಿಸಿತು. ಖಾಂಡವ ವನ ಉರಿಯುವಾಗ ಇಂದ್ರನ ಮಳೆ ಸಿಡಿಲನ್ನು ಬಾಣದಲ್ಲೇ ತಡೆದವನು ಅವನು ಎಂದು ನಾನು ವಿವರಿಸಿದೆ. ಮಾಣಿಯ ಕಣ್ಣರಳಿತು.

“ಅಜ್ಜೀ, ಈ ಮಂತ್ರಕ್ಕೆ ಎಷ್ಟು ದಾಳ ಹಾಕಬೇಕು?”

“ದಾಳ ಹಾಕಿ ಧರ್ಮರಾಯ ಎಂತ ಆದ ಅಂತ ಗೊತ್ತಿಲ್ವನಾ? ಮೊದಲು ಹೋಗಿ ಟೀವಿ ಪ್ಲಗ್ಗು ಕೀಳು.”